ಬಾವು ಇಳಿದ ಮೇಲೆ ಆಗಬೇಕಾದ ಚಿಕಿತ್ಸೆ

ಬಾಗಲಕೋಟೆ ಜಿಲ್ಲೆಯ ನೆಲ ಕಾಲಿಗೆ ಸಲೀಸಾದ ನೆಲವಲ್ಲ. ಹುನಗುಂದ ಸೀಮೆಯ ಎರೆಹೊಲಗಳು ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತವೆ. ಮಳೆ ಬಿದ್ದ ಮರುದಿನ ಅದೇ ಮಣ್ಣು ಚಪ್ಪಲಿಯ ಅಡಿಗೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗಿ ಅಂಟಿ ಹೆಜ್ಜೆಯನ್ನೇ ವಾಲಿಸುತ್ತದೆ. ಬಾದಾಮಿಯಲ್ಲಿ ಮೇಣಬಸದಿಗೆ ಏರುವ ಮೆಟ್ಟಿಲುಗಳಲ್ಲಿ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಇಳಕಲ್ ಸುತ್ತಮುತ್ತ ಕೆಂಪು ಗ್ರಾನೈಟ್ ತೆಗೆಯುವ ಕ್ವಾರಿಗಳಲ್ಲಿ ಕೂಲಿಗಳು ದಿನವಿಡೀ ಕಲ್ಲಿನ ಚೂರುಗಳ ಮೇಲೆಯೇ ಓಡಾಡಬೇಕು. ಇದರ ಜೊತೆಗೆ ಊರೂರಿನ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇವೆ. ಬನಶಂಕರಿಗೆ, ಶ್ರೀಶೈಲಕ್ಕೆ ನಡೆದು ಹೋಗುವವರಿದ್ದಾರೆ. ಇಂಥ ಕಡೆ ಕಾಲು ಉಳುಕುವುದು ಯಾರಿಗೂ ಸುದ್ದಿಯಲ್ಲ. ಸುಣ್ಣ-ಬೆಲ್ಲದ ಪಟ್ಟು ಹಾಕುತ್ತಾರೆ, ಇಲ್ಲವೇ ಮೆಡಿಕಲ್ ಅಂಗಡಿಯಿಂದ ಕ್ರೇಪ್ ಬ್ಯಾಂಡೇಜ್ ಮತ್ತು ನೋವಿನ ಗುಳಿಗೆ ತರುತ್ತಾರೆ. ವಾರ ಹತ್ತು ದಿನಕ್ಕೆ ಬಾವು ಇಳಿಯುತ್ತದೆ, ಕುಂಟುವುದು ನಿಲ್ಲುತ್ತದೆ, ಕಾಲು ವಾಸಿಯಾಯಿತು ಎಂದು ಮನೆಮಂದಿಯೆಲ್ಲ ಒಪ್ಪಿಕೊಳ್ಳುತ್ತಾರೆ. ಆರು ತಿಂಗಳಿಗೆ ಅದೇ ಕಾಲು, ಅದೇ ಬದಿಗೆ ಮತ್ತೆ ಉಳುಕುತ್ತದೆ. ಈ ಎರಡನೇ ಉಳುಕನ್ನು ನಾವು ದುರದೃಷ್ಟ ಎಂದುಕೊಂಡಿದ್ದೇವೆ. ಅದು ಅರ್ಧಕ್ಕೇ ಬಿಟ್ಟ ಚಿಕಿತ್ಸೆಯ ಫಲ ಎಂಬುದು ನನ್ನ ವಾದ. ಬಿಟ್ಟುಹೋದ ಆ ಅರ್ಧಕ್ಕೆ ದುಡ್ಡೂ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಹೇಳಿಕೊಡುವವರೊಬ್ಬರು ಬೇಕು, ಎಂಟು ವಾರ ಬಿಡದೆ ಮಾಡುವ ಹಟ ಬೇಕು.

ಕಾಲು ಉಳುಕಿದಾಗ ಹೆಚ್ಚಿನ ಸಲ ಪಾದ ಒಳಮುಖವಾಗಿ ಮಡಚಿಕೊಳ್ಳುತ್ತದೆ. ಹೊರಗಿನ ಗಿಣ್ಣನ್ನು ಪಾದದ ಎಲುಬುಗಳಿಗೆ ಕಟ್ಟಿಹಿಡಿದಿರುವ ಮೂರು ಲಿಗಮೆಂಟುಗಳಲ್ಲಿ ಮುಂದಿನದಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಅದು ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಹರಿಯುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಬಾವು ಮತ್ತು ಹಸಿರುಗಟ್ಟಿದ ಚರ್ಮ. ಕಾಣದಿರುವ ಹಾನಿ ಬೇರೆಯೇ ಇದೆ. ಪಾದ ಎಷ್ಟು ವಾಲಿದೆ, ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಎಂದು ಕ್ಷಣಕ್ಷಣಕ್ಕೂ ಮೆದುಳಿಗೆ ತಿಳಿಸುವ ಸೂಕ್ಷ್ಮ ನರತುದಿಗಳು ಈ ಲಿಗಮೆಂಟುಗಳಲ್ಲಿ, ಕೀಲಿನ ಪೊರೆಯಲ್ಲಿ, ಸುತ್ತಲಿನ ಸ್ನಾಯುಗಳಲ್ಲಿ ಇರುತ್ತವೆ. ಪಾದ ವಾಲತೊಡಗಿದೊಡನೆ ಮೊಣಕಾಲ ಕೆಳಗಿನ ಹೊರಬದಿಯ ಸ್ನಾಯುಗಳು ಬಿಗಿದು ಅದನ್ನು ಹಿಂದಕ್ಕೆಳೆಯಬೇಕು. ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಬೇಕಾದ ಕೆಲಸ ಇದು. ಉಳುಕಿದ ಮೇಲೆ ಈ ಸುದ್ದಿ ತಲುಪುವುದು ಮಂದವಾಗುತ್ತದೆ, ಸ್ನಾಯು ಏಳುವುದು ತಡವಾಗುತ್ತದೆ. ಪೆಟ್ಟು ಬಿದ್ದದ್ದು ಒಂದೇ ಕಾಲಿಗಾದರೂ ಒಂಟಿಕಾಲಿನ ಸಮತೋಲ ಎರಡೂ ಬದಿಗೆ ಕುಗ್ಗುವುದನ್ನು ಅಧ್ಯಯನಗಳು ಗುರುತಿಸಿವೆ. ಎಂದರೆ ತೊಂದರೆ ಪಾದದಲ್ಲಷ್ಟೇ ಉಳಿಯುವುದಿಲ್ಲ, ಮೆದುಳು ದೇಹವನ್ನು ನಿಲ್ಲಿಸುವ ರೀತಿಯೂ ಕೆಡುತ್ತದೆ. ಮತ್ತೆ ಮತ್ತೆ ಉಳುಕುವ ಕಾಲಿನವರು ಒಂಟಿಕಾಲಲ್ಲಿ ನಿಲ್ಲುವಾಗ ಪಾದದ ಅರಿವಿಗಿಂತ ಕಣ್ಣನ್ನು ಹೆಚ್ಚು ನೆಚ್ಚಿಕೊಳ್ಳುತ್ತಾರೆ ಎಂಬುದೂ ಗೊತ್ತಾಗಿದೆ. ಇದು ನಮ್ಮ ರೈತರಿಗೆ ಸಣ್ಣ ಮಾತಲ್ಲ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹೊಲಕ್ಕೆ ಹೋಗಿ ನೀರು ತಿರುವಬೇಕು. ಹಗಲು ಕಣ್ಣಿನ ಆಸರೆಯಲ್ಲಿ ಸರಿಯಾಗಿಯೇ ನಡೆದ ಕಾಲು, ಕತ್ತಲಲ್ಲಿ ಹಸಿ ಬದುವಿನ ಮೇಲೆ ಕೈಕೊಡುವುದು ಇದಕ್ಕೇ.

ಈ ತಿಳಿವಳಿಕೆ ಹೊಸದೇನಲ್ಲ. ಲಂಡನ್ನಿನ ಎಂ.ಎ.ಆರ್. ಫ್ರೀಮನ್ ಎಂಬ ಮೂಳೆತಜ್ಞರು ತಮ್ಮ ಸಂಗಡಿಗರೊಂದಿಗೆ 1965ರಲ್ಲೇ ಇದನ್ನು ಬರೆದಿಟ್ಟರು. ಉಳುಕಿದ ಪಾದ ಆಮೇಲೂ ಸಡಿಲಾಗಿ ಕೈಕೊಡಲು ಲಿಗಮೆಂಟಿನ ದುರ್ಬಲತೆಯೊಂದೇ ಕಾರಣವಲ್ಲ, ಅದರೊಳಗಿನ ನರತುದಿಗಳ ಹಾನಿಯೂ ಕಾರಣ ಎಂದು ಅವರು ವಾದಿಸಿದರು. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಸಮತೋಲ ಕಲಿಸಿದ ರೋಗಿಗಳಲ್ಲಿ ಈ ತೊಂದರೆ ಕಡಿಮೆಯಾಗುವುದನ್ನೂ ತೋರಿಸಿದರು. ಅವರು ಹೇಳಿದ ಕಾರಣದ ವಿವರಗಳನ್ನು ಮುಂದಿನವರು ತಿದ್ದಿದ್ದಾರೆ. ಆದರೆ ಅವರು ಸೂಚಿಸಿದ ಮದ್ದು ಪರೀಕ್ಷೆಯಿಂದ ಪರೀಕ್ಷೆಗೆ ಗಟ್ಟಿಯಾಗುತ್ತ ಬಂದಿದೆ. ನೆದರ್ಲೆಂಡ್ಸಿನಲ್ಲಿ 2001-02ರ ಋತುವಿನಲ್ಲಿ 116 ವಾಲಿಬಾಲ್ ತಂಡಗಳ ಮೇಲೆ ನಡೆದ ಅಧ್ಯಯನದಲ್ಲಿ, ಹಿಂದೆ ಕಾಲು ಉಳುಕಿದ್ದ ಆಟಗಾರರಿಗೆ ಹಲಗೆಯ ಮೇಲಿನ ಸಮತೋಲ ತರಬೇತಿಯಿಂದ ಸ್ಪಷ್ಟ ಲಾಭವಾಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ 765 ಹೈಸ್ಕೂಲು ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. 2006ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಸಮತೋಲದ ವ್ಯಾಯಾಮ ಮಾಡಿದವರಲ್ಲಿ ಶೇ 6.1 ಮಂದಿಗೆ, ಮಾಡದವರಲ್ಲಿ ಶೇ 9.9 ಮಂದಿಗೆ ಕಾಲು ಉಳುಕಿತ್ತು.

ನಮ್ಮ ಊರುಗಳ ಲೆಕ್ಕದಲ್ಲಿ ಇವೆರಡಕ್ಕಿಂತಲೂ ಮುಖ್ಯವೆಂದು ನಾನು ಎತ್ತಿ ಹೇಳುವುದು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮತ್ತೊಂದು ಡಚ್ ಅಧ್ಯಯನವನ್ನು. ಆಗತಾನೆ ಕಾಲು ಉಳುಕಿಸಿಕೊಂಡ 522 ಆಟಗಾರರು ಅದರಲ್ಲಿದ್ದರು. ಎಲ್ಲರೂ ತಮ್ಮ ಎಂದಿನ ಚಿಕಿತ್ಸೆ ಪಡೆದರು. ಅರ್ಧ ಮಂದಿ ಅದರ ಮೇಲೆ ಎಂಟು ವಾರ, ವಾರಕ್ಕೆ ಮೂರು ಸಲ, ಹೆಚ್ಚೆಂದರೆ ಅರ್ಧ ಗಂಟೆ ಮನೆಯಲ್ಲೇ ಸಮತೋಲದ ವ್ಯಾಯಾಮ ಮಾಡಿದರು. ಮೇಲೆ ನಿಂತು ನೋಡುವವರು ಯಾರೂ ಇರಲಿಲ್ಲ. ವರ್ಷದೊಳಗೆ ಮತ್ತೆ ಕಾಲು ಉಳುಕಿದ್ದು ವ್ಯಾಯಾಮ ಮಾಡದವರಲ್ಲಿ ಶೇ 33 ಮಂದಿಗೆ, ಮಾಡಿದವರಲ್ಲಿ ಶೇ 22 ಮಂದಿಗೆ. ನೂರು ಜನರಲ್ಲಿ ಹನ್ನೊಂದು ಮಂದಿಯ ಕಾಲು ಉಳಿದಂತಾಯಿತು, ಅದೂ ಅವರವರ ಮನೆಯ ನೆಲದ ಮೇಲೆ. ಇಷ್ಟು ಅಗ್ಗವಾಗಿ ಇಷ್ಟು ಫಲ ಕೊಡುವ ಚಿಕಿತ್ಸೆಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಕಾಲು ಉಳುಕಿ ಬಂದವರ ಕೈಗೆ ನಾವು ಕೊಡುವ ಚೀಟಿಯಲ್ಲಿ ಗುಳಿಗೆಯ ಹೆಸರಿರುತ್ತದೆ, ಮುಲಾಮಿನ ಹೆಸರಿರುತ್ತದೆ. ಒಂಟಿಕಾಲ ಮೇಲೆ ನಿಲ್ಲಿ ಎಂಬ ಒಂದು ಸಾಲು ಇರುವುದು ಅಪರೂಪ.

ಆ ಸಾಲಿನಲ್ಲಿ ಏನಿರಬೇಕೆಂದು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಭಾರ ಊರಿದರೆ ತಡೆಯಬಹುದಾದಷ್ಟು ನೋವು ಇಳಿದ ಮೇಲೆ, ಗೋಡೆಗೆ ಮೊಳದಷ್ಟು ದೂರದಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ಒಳ್ಳೆಯ ಕಾಲನ್ನು ಮಡಚಿ ಎತ್ತಿ, ಉಳುಕಿದ ಕಾಲಿನ ಮೊಣಕಾಲನ್ನು ತುಸುವೇ ಬಗ್ಗಿಸಿ, ಮೂವತ್ತು ಎಣಿಸುವವರೆಗೆ ನಿಲ್ಲಲು ನೋಡಬೇಕು. ಮೊದಲ ದಿನ ಪಾದದ ಮೇಲ್ಭಾಗದ ನರಗಳಂಥ ಸ್ನಾಯುರಜ್ಜುಗಳು ಒಂದೊಂದಾಗಿ ಏಳುತ್ತ ಬೀಳುತ್ತ ಕುಣಿಯುತ್ತವೆ, ಬೆರಳುಗಳು ನೆಲವನ್ನು ಗಿಂಜುತ್ತವೆ, ಸೊಂಟ ಒಂದು ಬದಿಗೆ ಜಾರುತ್ತದೆ, ಕೈ ತಾನಾಗಿ ಗೋಡೆ ಹುಡುಕುತ್ತದೆ. ಆ ನಡುಕವೇ ಪಾಠ. ಕೀಲು ಮತ್ತೆ ಸುದ್ದಿ ಕಳಿಸುವುದನ್ನೂ ಸ್ನಾಯು ಮತ್ತೆ ಹೊತ್ತಿಗೆ ಸರಿಯಾಗಿ ಏಳುವುದನ್ನೂ ಕಲಿಯುತ್ತಿರುವ ಗುರುತು ಅದು. ನಡುಕ ತಗ್ಗಿ ನಿಲುವು ಗಟ್ಟಿಯಾದ ಮೇಲೆ ಕಣ್ಣು ಮುಚ್ಚಬೇಕು. ಅಲ್ಲಿಯವರೆಗೆ ವಾಸಿಯಾಗಿದೆ ಎಂದುಕೊಂಡಿದ್ದ ಕಾಲು ಕಣ್ಣು ಮುಚ್ಚಿದ ಐದೇ ಎಣಿಕೆಯಲ್ಲಿ ನಿಜಸ್ಥಿತಿ ಹೇಳಿಬಿಡುತ್ತದೆ. ಆಮೇಲೆ ಗಟ್ಟಿ ನೆಲ ಬಿಟ್ಟು ಮೆತ್ತನೆಯ ಆಧಾರಕ್ಕೆ ಹೋಗಬೇಕು. ದೊಡ್ಡ ಊರಿನ ಕ್ಲಿನಿಕ್ಕುಗಳಲ್ಲಿ ಅದಕ್ಕೆ ಸ್ಪಂಜಿನ ದಿಂಡು, ಅಲುಗಾಡುವ ಹಲಗೆ ಇಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಕೌದಿ ಇದೆ. ನಾಲ್ಕು ಮಡಿಕೆ ಹಾಕಿದ ಕೌದಿಯ ಮೇಲೆ ಒಂಟಿಕಾಲಲ್ಲಿ ನಿಂತು, ಎದುರಿನವರು ಎಸೆದ ಚೆಂಡು ಹಿಡಿಯುವುದು ಯಾವ ಆಧುನಿಕ ಕೇಂದ್ರದ ವ್ಯಾಯಾಮಕ್ಕೂ ಕಡಿಮೆಯಲ್ಲ. ಇದರ ಜೊತೆಗೆ ಹಿಮ್ಮಡಿ ಎತ್ತಿ ಇಳಿಸುವುದು, ಪಾದವನ್ನು ಹೊರಬದಿಗೆ ಒತ್ತಿ ಸ್ನಾಯು ಬಲಪಡಿಸುವುದು ಸೇರಬೇಕು. ಕೊನೆಗೆ ಜಿಗಿತ: ಮುಂದಕ್ಕೆ, ಪಕ್ಕಕ್ಕೆ, ಒಂದೇ ಕಾಲಿನ ಮೇಲೆ, ಇಳಿದಲ್ಲೇ ಅಲುಗದೆ ನಿಲ್ಲುವಂತೆ. ಹೆಣ್ಣುಮಕ್ಕಳು ಅಂಗಳದಲ್ಲಿ ಆಡುವ ಕುಂಟೆಬಿಲ್ಲೆಯಲ್ಲಿ ಇದೆಲ್ಲ ಇದೆ. ಆ ಆಟ ಊರುಗಳಿಂದ ಮರೆಯಾಗುತ್ತಿರುವುದು ಕಾಲುಗಳ ಲೆಕ್ಕದಲ್ಲೂ ನಷ್ಟವೇ.

ಇನ್ನು ಈಗ ನಡೆಯುತ್ತಿರುವ ಚಿಕಿತ್ಸೆಯ ಮಾತು. ಊರಲ್ಲಿ ಉಳುಕು ತೆಗೆಯುವವರು ಎಣ್ಣೆ ಹಚ್ಚಿ ನೀವುತ್ತಾರೆ, ಕೆಲವರು ಪಾದ ಹಿಡಿದು ಜಗ್ಗುತ್ತಾರೆ. ಅವರ ಮೇಲೆ ಜನರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಹತ್ತಕ್ಕೂ ಬಾಗಿಲು ತೆರೆಯುವವರು, ಕೊಟ್ಟಷ್ಟು ತೆಗೆದುಕೊಳ್ಳುವವರು ಅವರು. ಹಗುರ ಕೈಯಿಂದ ನೀವಿದರೆ ನೋವು ಕೊಂಚ ಹೊತ್ತು ಹಿತವಾಗುವುದೂ ನಿಜ. ಆದರೆ ಹೊಸದಾಗಿ ಹರಿದ ಲಿಗಮೆಂಟನ್ನು ಮೊದಲ ದಿನಗಳಲ್ಲಿ ಬಲವಾಗಿ ತಿಕ್ಕುವುದು, ಜಗ್ಗುವುದು ರಕ್ತಸ್ರಾವವನ್ನೂ ಬಾವನ್ನೂ ಹೆಚ್ಚಿಸಬಲ್ಲದು. ಒಳಗೆ ಎಲುಬು ಬಿರಿದಿದ್ದರೆ ಅಪಾಯವೇ. ಫಿಸಿಯೋಥೆರಪಿ ಎಂಬ ಹೆಸರಿನಲ್ಲಿ ನಡೆಯುವುದೆಲ್ಲವೂ ಸರಿ ಎಂದೂ ನಾನು ಹೇಳಲಾರೆ. ಫಿಸಿಯೋ ಮಾಡಿಸಿದಿರಾ ಎಂದರೆ ನಮ್ಮಲ್ಲಿ ಬಹಳ ಮಂದಿ ಹೇಳುವುದು ಕರೆಂಟ್ ಕೊಡಿಸಿದೆವು ಎಂದೇ. ಹತ್ತು ದಿನ ಹೋಗಿ ಮಂಚದ ಮೇಲೆ ಮಲಗಿ, ಯಂತ್ರದ ಮೂತಿಯನ್ನು ಗಿಣ್ಣಿನ ಮೇಲೆ ಆಡಿಸಿಕೊಂಡು ಬರುತ್ತಾರೆ. ಹೊಸ ಉಳುಕಿಗೆ ಅಲ್ಟ್ರಾಸೌಂಡ್ ಶಾಖದಿಂದ ಗಮನಿಸುವಂಥ ಲಾಭವೇನೂ ಕಾಣುವುದಿಲ್ಲ ಎಂದು ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಹೇಳಿದೆ. ಮಲಗಿಸಿ ಮಾಡುವ ಚಿಕಿತ್ಸೆಯಿಂದ ನಿಲ್ಲುವ ಶಕ್ತಿ ಬರುವುದು ಹೇಗೆ? ಕೂಲಿ ಬಿಟ್ಟು ಬಂದವರ ಹತ್ತು ದಿನವನ್ನು ಯಂತ್ರಕ್ಕೆ ಕೊಟ್ಟು, ವ್ಯಾಯಾಮ ಕಲಿಸದೆ ಕಳಿಸುವುದು ನ್ಯಾಯವಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ಮುಚ್ಚಿಡುವುದು ತಪ್ಪಾದೀತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕಾಲು ಉಳುಕಿ ತುರ್ತು ವಿಭಾಗಕ್ಕೆ ಬಂದ 503 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆಯನ್ನಷ್ಟೇ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಫಿಸಿಯೋಥೆರಪಿಸ್ಟ್ ಮುಂದೆ ನಿಂತು ಮಾಡಿಸುವ ಚಿಕಿತ್ಸೆಯನ್ನೂ ಕೊಟ್ಟರು. 2016ರಲ್ಲಿ ಅದೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು, ಮೂರು, ಆರು ತಿಂಗಳ ಕೊನೆಯಲ್ಲಿ ಎರಡೂ ಗುಂಪುಗಳ ಚೇತರಿಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಾಗಾದರೆ ಫಿಸಿಯೋಥೆರಪಿ ಯಾಕೆ ಎಂದು ಯಾರಾದರೂ ಕೇಳಬಹುದು. ಆ ಅಧ್ಯಯನದಲ್ಲಿ ನಾನು ಎರಡು ಸಂಗತಿ ಕಾಣುತ್ತೇನೆ. ಮೊದಲನೆಯದು, ಎಂದಿನ ಚಿಕಿತ್ಸೆಯವರಿಗೂ ಅಲ್ಲಿ ಏನು ಮಾಡಬೇಕೆಂಬ ಬರಹದ ಸೂಚನೆ ಸಿಕ್ಕಿತ್ತು. ನಮ್ಮ ತಾಲ್ಲೂಕುಗಳಲ್ಲಿ ಎಂದಿನ ಚಿಕಿತ್ಸೆ ಎಂದರೆ ಅಷ್ಟೂ ಇಲ್ಲ. ಎರಡನೆಯದು ಇನ್ನೂ ಮುಖ್ಯ. ಎರಡೂ ಗುಂಪುಗಳಲ್ಲಿ ಮೂರು ತಿಂಗಳಿಗೆ ಪೂರ್ತಿ ಚೇತರಿಸಿಕೊಂಡವರು ಅರ್ಧಕ್ಕಿಂತ ಕಡಿಮೆ. ಕಾಲು ಉಳುಕಿದ್ದು ತಾನಾಗಿಯೇ ವಾಸಿಯಾಗುತ್ತದೆ ಎಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಇದೇ ಅಧ್ಯಯನ ಒಡೆದುಹಾಕುತ್ತದೆ. ಬೇರೆ ವರದಿಗಳನ್ನೆಲ್ಲ ಒಟ್ಟುಗೂಡಿಸಿದ 2008ರ ವಿಮರ್ಶೆಯೊಂದು ವರ್ಷದ ಮೇಲೂ ನೋವು ಉಳಿದವರು ಶೇ 5ರಿಂದ ಶೇ 33ರವರೆಗೆ ಇದ್ದಾರೆ ಎಂದಿತು. ಹೀಗಿರುವಾಗ ಕೆನಡಾದ ಫಲಿತಾಂಶದಿಂದ ನಾವು ಕಲಿಯಬೇಕಾದದ್ದು ಇಷ್ಟು: ರೋಗಿಯನ್ನು ಮತ್ತೆ ಮತ್ತೆ ಕ್ಲಿನಿಕ್ಕಿಗೆ ಕರೆಸುವುದರಿಂದ ಹೆಚ್ಚು ಸಿಗುವುದಿಲ್ಲ. ಮರಳಿ ಉಳುಕದಂತೆ ತಡೆಯುವ ಫಲ ಕಂಡದ್ದು ಮನೆಯಲ್ಲಿ ಎಂಟು ವಾರ ಮಾಡಿದ ಸಮತೋಲದ ವ್ಯಾಯಾಮದಲ್ಲಿ. ಇಳಕಲ್ಲಿನಿಂದ ಬಾಗಲಕೋಟೆಗೆ ಸುಮಾರು 60 ಕಿಲೋಮೀಟರು. ಬಸ್ಸಿಗೆ ಹೆಣ್ಣುಮಕ್ಕಳು ಈಗ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಹೋದ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ದೂರದ ಊರಿಗೆ ಅಲೆಯದೆ, ಒಂದೆರಡು ಸಲ ಸರಿಯಾಗಿ ಕಲಿತು ಮನೆಯಲ್ಲೇ ಮಾಡಿದರೆ ಸಾಕು ಎಂಬ ಸುದ್ದಿ ನಮ್ಮ ಜಿಲ್ಲೆಗೆ ಒಳ್ಳೆಯ ಸುದ್ದಿ.

ಎರಡನೇ ಆಕ್ಷೇಪ ಪಾದದ ಬೆಲ್ಟಿನದು. ಇದಕ್ಕೂ ನೆದರ್ಲೆಂಡ್ಸಿನದೇ ಆಧಾರವಿದೆ. 2014ರಲ್ಲಿ ಪ್ರಕಟವಾದ, 384 ಆಟಗಾರರ ಅಧ್ಯಯನದಲ್ಲಿ ವರ್ಷದೊಳಗೆ ಮತ್ತೆ ಕಾಲು ಉಳುಕಿದ್ದು ವ್ಯಾಯಾಮದ ಗುಂಪಿನಲ್ಲಿ ಶೇ 27 ಮಂದಿಗೆ, ಬೆಲ್ಟ್ ಧರಿಸಿ ಆಡಿದ ಗುಂಪಿನಲ್ಲಿ ಶೇ 15 ಮಂದಿಗೆ, ಎರಡನ್ನೂ ಮಾಡಿದವರಲ್ಲಿ ಶೇ 19 ಮಂದಿಗೆ. ಆಟಗಾರರ ಮಟ್ಟಿಗೆ ಬೆಲ್ಟ್ ಗೆದ್ದಿತು, ಇದನ್ನು ಒಪ್ಪಲೇಬೇಕು. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗ ಹುಡುಗಿಯರು ಬೂಟಿನೊಳಗೆ ಬೆಲ್ಟ್ ಹಾಕಿಕೊಂಡು ಅಂಗಳಕ್ಕೆ ಇಳಿಯಲಿ, ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಬೆಲ್ಟ್ ಕಾಪಾಡುವುದು ಅದನ್ನು ಕಟ್ಟಿಕೊಂಡಿರುವಷ್ಟು ಹೊತ್ತು. ಆಟಗಾರನಿಗೆ ಅಪಾಯದ ಹೊತ್ತು ದಿನಕ್ಕೆ ಒಂದೆರಡು ಗಂಟೆ. ಹುನಗುಂದದ ಹೊಲದಲ್ಲಿ ಕಳೆ ತೆಗೆಯುವವರಿಗೆ, ಇಳಕಲ್ ಕ್ವಾರಿಯಲ್ಲಿ ಕಲ್ಲು ಹೊರುವವರಿಗೆ, ಬಾದಾಮಿಯ ಬಂಡೆಗಳ ನಡುವೆ ಕುರಿ ಕಾಯುವವರಿಗೆ ಬೆಳಗಿನಿಂದ ಸಂಜೆಯವರೆಗೂ ಅಪಾಯವೇ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಓಡಾಡುವ ಅವರು ಏಪ್ರಿಲ್ ಬಿಸಿಲಲ್ಲಿ ಹನ್ನೆರಡು ಗಂಟೆ ಬೆಲ್ಟ್ ಬಿಗಿದುಕೊಂಡಿರುವುದು ಆಗದ ಮಾತು. ಬರಿಗಾಲಲ್ಲಿ ಆಡುವ ಕಬಡ್ಡಿಯವರಿಗೂ ಅದು ಹೊಂದುವುದಿಲ್ಲ. ಅವರಿಗೆಲ್ಲ ಕಾಲಿನೊಳಗೇ ಕಾವಲು ಬೇಕು. ಇನ್ನೊಂದು ಮಾತು: ಆ ಅಧ್ಯಯನದ ವ್ಯಾಯಾಮದ ಗುಂಪಿನಲ್ಲಿ ಹೇಳಿದಷ್ಟನ್ನು ಪೂರ್ತಿ ಮಾಡದವರು ಬಹಳ. ಮನೆಯಲ್ಲಿ ಮಾಡುವ ಯಾವ ವ್ಯಾಯಾಮಕ್ಕೂ ಇರುವ ದೊಡ್ಡ ಕೊರತೆ ಇದು, ಇದಕ್ಕೆ ಮದ್ದನ್ನು ಮುಂದೆ ಹೇಳುತ್ತೇನೆ.

ದುಡಿಯುವ ಮೈಗೆ ಬೇರೆ ವ್ಯಾಯಾಮ ಯಾಕೆ ಎಂಬ ಪ್ರಶ್ನೆ ಊರುಗಳಲ್ಲಿ ಬಂದೇ ಬರುತ್ತದೆ, ಕೇಳುವವರದು ಸರಿಯಾದ ಪ್ರಶ್ನೆಯೇ. ಇಳಕಲ್ ಸೀರೆಯ ನೇಕಾರರನ್ನು ತೆಗೆದುಕೊಳ್ಳಿ. ಕುಣಿಮಗ್ಗದಲ್ಲಿ ಕೂತವರ ಕಾಲು ನೆಲದ ಮಟ್ಟದ ಕೆಳಗೆ ಇಳಿಬಿಟ್ಟಿರುತ್ತದೆ. ತುಳಿಯುವ ಹಲಗೆಯನ್ನು ಒಂದಾದ ಮೇಲೊಂದು ಒತ್ತುತ್ತ ಪಾದ ದಿನಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುತ್ತದೆ. ಅದಕ್ಕಿಂತ ಹೆಚ್ಚು ದುಡಿಯುವ ಪಾದ ಯಾವುದು? ಆದರೂ ಆ ಚಲನೆ ಒಂದೇ ದಿಕ್ಕಿನದು, ಮೈಭಾರವೆಲ್ಲ ಕೂತ ಜಾಗದ ಮೇಲಿರುತ್ತದೆ, ಪಕ್ಕಕ್ಕೆ ವಾಲುವ ಪಾದವನ್ನು ಹಿಡಿದು ನಿಲ್ಲಿಸುವ ಸಂದರ್ಭ ಅಲ್ಲಿ ಬರುವುದಿಲ್ಲ. ಮಗ್ಗದ ಕುಣಿಯಿಂದ ಎದ್ದು ಕತ್ತಲಾದ ಮೇಲೆ ಓಣಿಯ ಕಲ್ಲುಹಾಸಿನ ಮೇಲೆ ಕಾಲಿಟ್ಟಾಗ ಬೇಕಾಗುವುದು ಬೇರೆಯೇ ಶಕ್ತಿ. ಹೊಲದ ಕೆಲಸದಲ್ಲಿ ಕುಕ್ಕರುಗಾಲಲ್ಲಿ ಕೂರುವುದಿದೆ. ಪಾದವನ್ನು ಮುಂದಕ್ಕೆ ಬಾಗಿಸುವ ಶಕ್ತಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ಉಳುಕಿದ ಮೇಲೆ ಬಹಳ ಮಂದಿಯಲ್ಲಿ ಆ ಬಾಗುವಿಕೆಯೇ ಬಿಗಿದುಹೋಗಿ, ಕೂತಾಗ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ, ಭಾರ ಒಳ್ಳೆಯ ಕಾಲಿಗೆ ಹೋಗುತ್ತದೆ. ದುಡಿಯುವ ದೇಹ ಜಾಣದೇಹ. ನೋವಿರುವ ಕಾಲನ್ನು ಉಳಿಸಿಕೊಂಡು ಕೆಲಸ ಮುಗಿಸುವ ದಾರಿಯನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಹಾಗೆ ತಪ್ಪಿಸಿಕೊಂಡ ಕಾಲು ಎಷ್ಟು ದುಡಿದರೂ ಕಳೆದುಕೊಂಡದ್ದನ್ನು ಮರಳಿ ಕಲಿಯುವುದಿಲ್ಲ. ಹತ್ತು ನಿಮಿಷ ಬೇರೆಯಾಗಿ, ಬೇಕೆಂದೇ, ಆ ಕಾಲಿನ ಮೇಲೆಯೇ ನಿಲ್ಲಬೇಕಾದದ್ದು ಅದಕ್ಕೆ. ಹಲ್ಲುಜ್ಜುವಾಗ, ಒಲೆಯ ಮುಂದೆ ನಿಂತಾಗ ಮಾಡಿದರೂ ಆದೀತು.

ಎಲುಬೇ ಮುರಿದಿದ್ದರೆ ಗತಿಯೇನು ಎಂಬ ಭಯ ಸಹಜ, ಅದಕ್ಕೆ ಸ್ಪಷ್ಟ ಉತ್ತರವಿದೆ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಇಯನ್ ಸ್ಟೀಲ್ ಮತ್ತು ಸಂಗಡಿಗರು ಸರಳ ಪರೀಕ್ಷೆಯೊಂದನ್ನು ರೂಪಿಸಿದರು. ಒಳಗಿನ ಅಥವಾ ಹೊರಗಿನ ಗಿಣ್ಣಿನ ಎಲುಬಿನ ತುದಿ, ಅಲ್ಲಿಂದ ಮೇಲಕ್ಕೆ ಹಿಂಭಾಗದ ಅಂಚಿನ ಆರು ಸೆಂಟಿಮೀಟರು, ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬು, ಪಾದದ ಒಳಬದಿಯ ಕಮಾನಿನ ಮೇಲಿನ ಎಲುಬು – ಇಲ್ಲೆಲ್ಲಾದರೂ ಎಲುಬಿನ ಮೇಲೆಯೇ ಒತ್ತಿದರೆ ನೋವಿದ್ದರೆ, ಇಲ್ಲವೇ ಪೆಟ್ಟು ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇ ತೆಗೆಯಬೇಕು. ಇವ್ಯಾವುವೂ ಇಲ್ಲದವರಲ್ಲಿ ಎಲುಬು ಮುರಿದಿರುವ ಸಾಧ್ಯತೆ ತೀರ ಕಡಿಮೆ ಎಂದು ಅನೇಕ ದೇಶಗಳ ಅನುಭವ ಹೇಳಿದೆ. ಅನಗತ್ಯ ಎಕ್ಸ್‌ರೇಗಳು ಮೂರರಲ್ಲೊಂದು ಪಾಲು ತಗ್ಗಿವೆ. ಇದಕ್ಕೆ ಬೇಕಾದದ್ದು ತಿಳಿದ ಹೆಬ್ಬೆರಳು ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿಗೆ, ಶಾಲೆಯ ದೈಹಿಕ ಶಿಕ್ಷಕರಿಗೆ ಅರ್ಧ ದಿನದಲ್ಲಿ ಕಲಿಸಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಕುಡಿದಿರುವವರು, ತೀರ ಚಿಕ್ಕ ಮಕ್ಕಳು – ಇವರ ವಿಷಯದಲ್ಲಿ ಈ ಪರೀಕ್ಷೆಯನ್ನು ನೆಚ್ಚಬಾರದು ಎಂಬ ಎಚ್ಚರವನ್ನೂ ಕಲಿಸಬೇಕು.

ಮನೆಯಲ್ಲಿ ಒಬ್ಬರೇ ಮಾಡುವ ವ್ಯಾಯಾಮ ಮೂರನೇ ವಾರಕ್ಕೆ ನಿಂತುಹೋಗುತ್ತದೆ ಎಂಬ ಕೊರತೆಗೆ ಮದ್ದು ನನಗೆ ಕಾಣುವುದು ಶಾಲೆಯ ಅಂಗಳದಲ್ಲಿ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಕೊಕ್ಕೊ, ಕಬಡ್ಡಿ ತಂಡಗಳ ತಯಾರಿ ಜೋರಾಗುತ್ತದೆ. ಕೊಕ್ಕೊದಲ್ಲಿ ಓಡುತ್ತಿದ್ದವಳು ಕಂಬದ ಬಳಿ ಒಂದೇ ಕಾಲಿನ ಮೇಲೆ ತಿರುಗಬೇಕು. ಕಬಡ್ಡಿಯಲ್ಲಿ ಗೆರೆ ಮುಟ್ಟಲು ಹೊರಟವನ ಪಾದವನ್ನು ಎದುರಾಳಿ ಹಿಡಿದು ಎಳೆದಿರುತ್ತಾನೆ. ಪಾದದ ಕೀಲಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಹೋದ ವರ್ಷ ಕಾಲು ಉಳುಕಿದ್ದ ಮಕ್ಕಳೇ ಈ ವರ್ಷವೂ ಅಂಗಳದಲ್ಲಿರುತ್ತಾರೆ, ಹೊಸದಾಗಿ ಉಳುಕಲು ಅವರ ಕಾಲೇ ಎಲ್ಲರಿಗಿಂತ ಮುಂದು. ವಾರ್ಮ್‌ಅಪ್ಪಿಗೆ ಮೈದಾನ ಸುತ್ತುವುದನ್ನು ಐದು ನಿಮಿಷ ಕಡಿಮೆ ಮಾಡಿ, ಒಂಟಿಕಾಲ ನಿಲುವು, ಕಣ್ಣು ಮುಚ್ಚಿದ ನಿಲುವು, ಒಂಟಿಕಾಲಲ್ಲಿ ಜಿಗಿದು ಅಲುಗದೆ ನಿಲ್ಲುವುದು ಸೇರಿಸಿದರೆ ಸಾಕು. ವಿಸ್ಕಾನ್ಸಿನ್ನಿನ ಮಕ್ಕಳು ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ. ಜೊತೆಗಾರರೊಂದಿಗೆ, ಶಿಕ್ಷಕರ ಕಣ್ಣೆದುರು ಮಾಡುವ ವ್ಯಾಯಾಮ ತಪ್ಪುವುದಿಲ್ಲ. ಇನ್ನೊಂದು ನಿಯಮವನ್ನು ಶಿಕ್ಷಕರು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ನನ್ನ ಬೇಡಿಕೆ. ಉಳುಕಿದ ಮಗು ನೋವಿಲ್ಲ ಸರ್ ಎಂದ ಮಾತ್ರಕ್ಕೆ ಆಟಕ್ಕೆ ಇಳಿಸಬಾರದು. ಎರಡೂ ಕಾಲಿನಲ್ಲಿ ಸಮನಾಗಿ ಜಿಗಿದು ಇಳಿಯಲು ಬಂದ ಮೇಲೆ ಇಳಿಸಬೇಕು. ಮೊದಲ ಸಲ ಕಾಲು ಉಳುಕಿದವರನ್ನು ವರ್ಷವಿಡೀ ಗಮನಿಸಿದ ಡಬ್ಲಿನ್ ಅಧ್ಯಯನವೊಂದರಲ್ಲಿ ಶೇ 40 ಮಂದಿಗೆ ಕಾಲು ಕೈಕೊಡುವ ತೊಂದರೆ ಅಂಟಿಕೊಂಡಿತ್ತು. ಎರಡು ವಾರದ ಹೊತ್ತಿಗೆ ಜಿಗಿದು ಇಳಿಯಲಾಗದವರಿಗೆ ಆ ಅಪಾಯ ಹೆಚ್ಚು ಎಂದೂ ಅಲ್ಲಿ ಕಂಡುಬಂತು. ಫೈನಲ್ ಪಂದ್ಯದ ಆಸೆಗೆ ಹದಿನಾಲ್ಕರ ಹುಡುಗಿಯ ಕಾಲನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಆಸ್ಪತ್ರೆಗಳ ಪಾಲಿನ ಕೆಲಸವೂ ದೊಡ್ಡದೇನಲ್ಲ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ನವನಗರದಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ಕಷ್ಟದ ಪ್ರಕರಣಗಳಿಗೆ ಅಷ್ಟು ಸಾಕು. ಸಾಮಾನ್ಯ ಉಳುಕು ಬಾದಾಮಿ, ಹುನಗುಂದ, ಇಳಕಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಮುಗಿಯಬೇಕು. ಅಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಖಾಯಂ ಆಗಿ ತುಂಬಿರಬೇಕು ಎಂಬುದು ನ್ಯಾಯವಾದ ಬೇಡಿಕೆ. ಫಿಸಿಯೋಥೆರಪಿಗೆ ಕಾನೂನಿನ ಚೌಕಟ್ಟು ಕೊಟ್ಟ ಕೇಂದ್ರ ಸರ್ಕಾರದ ಕಾಯ್ದೆ 2021ರಲ್ಲೇ ಬಂದಿದೆ. ನಾಲ್ಕೂವರೆ ವರ್ಷ ಓದಿದ ಪದವೀಧರರು ನಮ್ಮ ರಾಜ್ಯದಿಂದ ಪ್ರತಿವರ್ಷ ಹೊರಬರುತ್ತಿದ್ದಾರೆ. ಹುದ್ದೆ ತುಂಬುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. ಜಿಲ್ಲಾ ಕೇಂದ್ರದಿಂದ ಒಬ್ಬರು ವಾರಕ್ಕೊಂದು ದಿನ, ಸಂತೆಯ ದಿನವೇ, ತಾಲ್ಲೂಕು ಆಸ್ಪತ್ರೆಗೆ ಬರಲಿ. ಸಂತೆಗೆ ಹೇಗೂ ಬರುವ ಜನ ಕೂಲಿ ಕಳೆದುಕೊಳ್ಳದೆ ವ್ಯಾಯಾಮ ಕಲಿತು ಹೋಗಲಿ, ನಾಲ್ಕನೇ ವಾರ ಮತ್ತೆ ಬಂದು ತೋರಿಸಲಿ. ಗುಳಿಗೆ ಚೀಟಿಯ ಹಿಂಬದಿಯಲ್ಲಿ ಐದು ಚಿತ್ರ ಅಚ್ಚಾಗಿರಲಿ: ಗೋಡೆಯ ಪಕ್ಕ ಒಂಟಿಕಾಲು, ಕಣ್ಣು ಮುಚ್ಚಿ ಒಂಟಿಕಾಲು, ಕೌದಿಯ ಮೇಲೆ ಒಂಟಿಕಾಲು, ಹಿಮ್ಮಡಿ ಎತ್ತುವುದು, ಪಕ್ಕಕ್ಕೆ ಜಿಗಿಯುವುದು. ಅಕ್ಷರ ಬಾರದವರೂ ನೋಡಿ ಮಾಡುವಂತಿರಲಿ. ಉಳುಕು ತೆಗೆಯುವವರನ್ನೂ ಕರೆದು ಒಟ್ಟಾವದ ಪರೀಕ್ಷೆಯನ್ನೂ ಈ ಐದು ವ್ಯಾಯಾಮಗಳನ್ನೂ ಹೇಳಿಕೊಡಬೇಕು ಎನ್ನುವುದಕ್ಕೆ ನಾನು ಹಿಂಜರಿಯುವುದಿಲ್ಲ. ಜನ ಮೊದಲು ಹೋಗುವುದು ಅವರ ಬಾಗಿಲಿಗೇ.

ಇಷ್ಟೆಲ್ಲ ಮಾಡಿಯೂ ಕೆಲವರ ಕಾಲು ಗಟ್ಟಿಯಾಗುವುದಿಲ್ಲ. ಮೂರು ತಿಂಗಳು ನಿಯಮದಿಂದ ವ್ಯಾಯಾಮ ಮಾಡಿದ ಮೇಲೂ ಸಮನೆಲದಲ್ಲಿ ಕಾಲು ಕೈಕೊಡುತ್ತಿದ್ದರೆ, ಕೀಲಿನ ಆಳದಲ್ಲಿ ನೋವು ಅಥವಾ ಸಿಕ್ಕಿಕೊಂಡ ಅನುಭವ ಉಳಿದಿದ್ದರೆ, ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಲಿಗಮೆಂಟ್ ಪೂರ್ತಿ ಹರಿದಿರಬಹುದು. ಅಂಥವರಿಗೆ ಸ್ಕ್ಯಾನ್ ಬೇಕು, ಮೂಳೆತಜ್ಞರು ಬೇಕು, ಕೆಲವರಿಗೆ ಆಪರೇಷನ್ನೂ ಬೇಕು. ಅವರನ್ನು ಬಾಗಲಕೋಟೆಗೆ ಕಳಿಸಲು ತಡಮಾಡಬಾರದು. ಆದರೆ ವ್ಯಾಯಾಮ ಮಾಡಿ ಸೋತವರು ಯಾರು, ವ್ಯಾಯಾಮವನ್ನೇ ಮಾಡದವರು ಯಾರು ಎಂದು ತಜ್ಞರಿಗೆ ಗೊತ್ತಾಗಬೇಕಾದರೆ ಕಳಿಸುವ ಪತ್ರದಲ್ಲಿ ಅದನ್ನು ಬರೆದಿರಬೇಕು: ಎಷ್ಟು ವಾರ ಮಾಡಿದರು, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ಎಷ್ಟು ಎಣಿಸುವವರೆಗೆ ನಿಂತರು, ಒಳ್ಳೆಯ ಕಾಲಲ್ಲಿ ಎಷ್ಟು. ತಾಲ್ಲೂಕು ಆಸ್ಪತ್ರೆಯ ಒಪಿಡಿ ಪುಸ್ತಕದಲ್ಲಿ ಈ ಮೂರು ಅಂಕಿಗಳಿಗೆ ಜಾಗ ಮಾಡುವುದರಿಂದಲೇ ಜಿಲ್ಲಾ ಆರೋಗ್ಯ ಇಲಾಖೆ ಈ ಕೆಲಸವನ್ನು ಶುರು ಮಾಡಬಹುದು.